ಬೆರಳು ಕೊಡಿ ಅತ್ತೆ

ಈ ನನ್ನ ತೋರುಬೆರಳು ಇದೆಯಲ್ಲ, ಇದಕ್ಕೆ ಎರಡು ಸಾವಿರ ಜಪಾನಿ ಅಕ್ಷರ ಬರೆಯಲು ಬರುತ್ತದೆ. ಈ ಬೀದಿ, ಈ ಊರು, ಬೇಕಾದರೆ ಇಡೀ ಭೂಮಂಡಲ ಜರಡಿ ಹಿಡಿದು ನೋಡು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಮುದುಕಿಯ ಬೆರಳಿಗೆ ಇಷ್ಟು ವಿದ್ಯೆ ಇರುವುದು ಇನ್ನೊಂದು ಕಡೆ ಸಿಕ್ಕಿದರೆ ನನ್ನ ಕಿವಿ ಕತ್ತರಿಸು. ಸರಿ, ಸರಿ, ಹಾಗೆ ಕಣ್ಣು ಬಿಡಬೇಡ. ಅರ್ಧ ಸುಳ್ಳು. ಎರಡು ಸಾವಿರ ಅನ್ನುವುದು ಸುಳ್ಳು. ಎಷ್ಟು ಅಂತ ನನಗೇ ಗೊತ್ತಿಲ್ಲ. ಬರುವುದು ಬೆರಳಿಗೆ, ನನಗಲ್ಲ. ಬೆರಳು ಬರೆಯುತ್ತದೆ, ತಲೆ ಪಕ್ಕದಲ್ಲಿ ಕೂತು ಆಕಳಿಸುತ್ತದೆ. ಉಳಿದರ್ಧ ನಿಜವೇ. ಇಲ್ಲದಿದ್ದರೆ ನೀನು ಲಾಂಡ್ರಿ ಕೆಲಸ ಮುಗಿಸಿ, ಮನೆಗೂ ಹೋಗದೆ, ಜಪಾನಿ ಪಾಠದ ಹಾಳೆ, ಫೋನ್ ಹಿಡಿದುಕೊಂಡು ನನ್ನ ಬಾಗಿಲಿಗೆ ಯಾಕೆ ಬರುತ್ತಿದ್ದೆ ಮಗಳೇ?

ಕೂತುಕೋ. ಬೆರಳು ಕೊಡುತ್ತೇನೆ. ಮೊದಲು ಇದು ವಿದ್ಯೆ ಕಲಿತ ಬಗೆ ಕೇಳು. ಫೋನ್ ಎಲ್ಲಿಗೂ ಓಡಿಹೋಗುವುದಿಲ್ಲ.

ನನ್ನ ಸೊಸೆಯೂ ನಿನ್ನ ಹಾಗೆ ಆ ಆಸ್ಪತ್ರೆಯ ಲಾಂಡ್ರಿಯಲ್ಲೇ ಇದ್ದಳು. ನನ್ನ ಮಗ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಎಷ್ಟೋ ಮಹಡಿ ಮೇಲೆ ಹಗ್ಗ ಹಿಡಿದು ನೇತಾಡಿದಾಗ ಏನೂ ಆಗದವನನ್ನು ನೆಲದ ಮೇಲೆ ಮಲಗಿದ್ದಾಗ ಒಂದು ಜ್ವರ ಎತ್ತಿಕೊಂಡು ಹೋಯಿತು. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ನಾವಿಬ್ಬರು. ಅವಳು ಮುಖ ಒಂದು ಕಡೆ, ನಾನು ಮುಖ ಒಂದು ಕಡೆ ಮಾಡಿಕೊಂಡು ಒಂದೇ ಮನುಷ್ಯನಿಗಾಗಿ ಅಳುತ್ತಿದ್ದೆವು. ಆಮೇಲೆ ಅತ್ತು ಅತ್ತು ಬೇಜಾರಾಗಿ ಜಗಳ ಶುರುಮಾಡಿದೆವು. ಅಲ್ಲಿಗೆ ಮನೆ ಮನೆಯಾಯಿತು ಅನ್ನು.

ಅವಳದು ಪ್ರೆಸ್ ಕೆಲಸ. ನಿನಗೆ ಹೇಳಬೇಕೇ? ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಬೆರಳ ತುದಿಯಲ್ಲಿ ಹಿಡಿದು, ಸುಡುವ ರೋಲರಿನ ಬಾಯಿಗೆ ಕೊಡುತ್ತಲೇ ಇರಬೇಕು. ಬಟ್ಟೆಯಲ್ಲಿ ಬ್ಲೀಚು, ರೋಲರಿನಲ್ಲಿ ಹಬೆ. ಅವಳ ಬೆರಳ ತುದಿ ಸವೆದು ಸವೆದು, ಒಣಗಿ, ಗಾಜಿನ ಗೋಲಿಯ ಹಾಗಾಗಿತ್ತು. ಗೆರೆ ಅನ್ನುವುದೇ ಇರಲಿಲ್ಲ. ಬಾಗಿಲಲ್ಲಿರುವ ಆ ಹಾಜರಿ ಯಂತ್ರಕ್ಕೆ ದಿನಾ ಬೆಳಗ್ಗೆ ಬೆರಳು ಒತ್ತಿದರೆ ಅದು "ನೀನ್ಯಾರೋ ನಾನು ಕಾಣೆ" ಅನ್ನುತ್ತಿತ್ತಂತೆ. ಕಟ್ಟಿಕೊಂಡ ಗಂಡ ಇಲ್ಲ, ಕೆಲಸ ಕೊಟ್ಟ ಯಂತ್ರಕ್ಕೂ ಗುರುತಿಲ್ಲ.

ಹೀಗಿರುವಾಗ ಒಂದು ಭಾನುವಾರ ಎಲ್ಲಿಗೋ ಹೋಗಿ ಬಂದವಳು ಬಾಗಿಲಲ್ಲೇ ನಿಂತು ಹೇಳಿದಳು.

"ಅತ್ತೆ, ಜಪಾನಿನಲ್ಲಿ ವಯಸ್ಸಾದವರನ್ನ ನೋಡ್ಕೊಳ್ಳೋ ಮನೆಗಳಿವೆಯಂತೆ. ಅಲ್ಲಿಗೆ ಜನ ಬೇಕಂತೆ. ಭಾಷೆ ಕಲಿಸ್ತಾರೆ, ಪರೀಕ್ಷೆ ಪಾಸಾದ್ರೆ ಕರ್ಕೊಂಡು ಹೋಗ್ತಾರೆ. ಐದು ವರ್ಷ."

"ಅಲ್ಲಿನ ಮುದುಕೀರ ಮುಂದೆ ನಾನೇನು ಚಿಕ್ಕ ಹುಡುಗೀನಾ?" ಅಂದೆ.

"ತಮಾಷೆ ಬೇಡ ಅತ್ತೆ. ನೀವು ಬೇಡ ಅಂದ್ರೆ ಹೋಗಲ್ಲ. ಒಂದು ಮಾತು ಹೇಳಿ."

ಒಂದು ಮಾತು! ನನ್ನ ಬಾಯಲ್ಲಿ ಸಾವಿರ ಮಾತು ಇರುತ್ತದೆ, ಆ ಒಂದು ಮಾತ್ರ ಇರಲಿಲ್ಲ. ಹೋಗು ಅಂದರೆ ಮನೆ ಖಾಲಿ. ಬೇಡ ಅಂದರೆ ಅವಳು ರೋಲರಿನ ಮುಂದೆ ನಿಂತು ಮುದುಕಿಯಾಗಬೇಕು. "ಹೋಗೋವಾಗ ನನ್ನನ್ನೂ ಪೆಟ್ಟಿಗೇಲಿ ಮಡಚಿ ಇಟ್ಕೊಂಡು ಹೋಗು, ಮಡಚೋದು ನಿಂಗೆ ಅಭ್ಯಾಸ ಅಲ್ವಾ" ಅಂದು ಎದ್ದು ಒಲೆಯ ಕಡೆ ಹೋದೆ. ಅವಳು ಆಮೇಲೆ ಆ ಪ್ರಶ್ನೆ ಕೇಳಲಿಲ್ಲ. ನಾನೂ ಉತ್ತರ ಹೇಳಲಿಲ್ಲ.

ಕ್ಲಾಸು ಶುರುವಾಯಿತು. ಅಲ್ಲಿ ಕೊಟ್ಟ ಹಾಳೆಗಳನ್ನು ನೋಡಿದರೆ ಇರುವೆ ಸಾಲು ಮಸಿಯಲ್ಲಿ ಬಿದ್ದು ಎದ್ದು ಓಡಾಡಿದ ಹಾಗಿತ್ತು. ಗೊತ್ತಿಲ್ಲದ ಅಕ್ಷರ ಬಂದರೆ ಏನು ಮಾಡುವುದು? ಟೈಪ್ ಮಾಡೋಣ ಅಂದರೆ ಅದನ್ನು ಹೇಗೆ ಕೂಗುತ್ತಾರೆ ಅಂತಲೇ ಗೊತ್ತಿಲ್ಲವಲ್ಲ. ಅದಕ್ಕೆ ಫೋನಿನಲ್ಲಿ ಒಂದು ನಿಘಂಟು ಆ್ಯಪ್. ನಾನು ಅದಕ್ಕೆ ಮೇಷ್ಟ್ರು ಅಂತ ಹೆಸರಿಟ್ಟೆ. ಮೇಷ್ಟ್ರ ಹೊಟ್ಟೆಯ ಮೇಲೆ ಒಂದು ಖಾಲಿ ಚೌಕ ಇರುತ್ತದೆ. ಅದರಲ್ಲಿ ಬೆರಳಿನಿಂದ ಅಕ್ಷರದ ಆಕಾರ ಗೀಚಿದರೆ, ಕೆಳಗೆ "ಇದಾ? ಇದಾ? ಇದಾ?" ಅಂತ ಸಾಲಾಗಿ ತೋರಿಸುತ್ತಾರೆ. ಸರಿಯಾದದ್ದನ್ನು ಒತ್ತಿದರೆ ಅರ್ಥ, ಉಚ್ಚಾರ, ಯಾವ ಗೀಟು ಮೊದಲು ಯಾವುದು ಆಮೇಲೆ, ಎಲ್ಲ ಹೇಳುತ್ತಾರೆ.

ಆದರೆ ಗೀಚುವುದು ಯಾರು? ಗಾಜಿನ ಗೋಲಿಯಂಥ ಬೆರಳು! ಇವಳು ಎಳೆದ ಗೀಟು ಅರ್ಧ ದಾರಿಯಲ್ಲಿ ಮಾಯ. ಉಸಿರು ಊದಿದಳು, ಒದ್ದೆ ಮಾಡಿದಳು, ಕೆನ್ನೆಗೆ ಉಜ್ಜಿದಳು. ಮೇಷ್ಟ್ರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಫೋನನ್ನು ಹಾಸಿಗೆ ಮೇಲೆ ಎಸೆದು ಮೊಣಕಾಲ ಮಧ್ಯೆ ಮುಖ ಇಟ್ಟುಕೊಂಡಳು. ಅಳುತ್ತಿದ್ದಾಳೆ ಅಂತ ಬೆನ್ನು ಹೇಳುತ್ತಿತ್ತು.

ನಾನು ಫೋನ್ ಎತ್ತಿಕೊಂಡು, ಸುಮ್ಮನೆ ಕೆಣಕಲು, ಅದರ ಮೇಲೆ ಬೆರಳಾಡಿಸಿದೆ. ಕಪ್ಪಗೆ, ದಪ್ಪಗೆ, ಎಮ್ಮೆ ಬಾಲದಂಥ ಗೀಟು ಬಿತ್ತು.

ಅವಳು ತಲೆಯೆತ್ತಿ ನೋಡಿದಳು. ಮೂಗು ಒರೆಸಿಕೊಂಡಳು. "ಅತ್ತೆ, ಬೆರಳು ಕೊಡಿ" ಅಂದಳು.

ಅವತ್ತಿನಿಂದ ದಿನಾ ಸಂಜೆ ಅದೇ. ಅವಳು ಕೈಕಾಲು ತೊಳೆದು ಬಂದು ಪಕ್ಕದಲ್ಲಿ ಕೂರುವುದು, ಹಾಳೆ ತೊಡೆ ಮೇಲೆ ಇಟ್ಟುಕೊಳ್ಳುವುದು, ನನ್ನ ಬೆರಳಿಗೆ ದಾರಿ ಹೇಳುವುದು. "ಅಡ್ಡ ಎಳೀರಿ. ಎಡದಿಂದ ಬಲಕ್ಕೆ. ಈಗ ಮೇಲಿಂದ ಕೆಳಗೆ. ಅಯ್ಯೋ, ಅಲ್ಲಿ ಕೊಕ್ಕೆ ಹಾಕ್ಬೇಡಿ ಅತ್ತೆ, ಅದು ಬೇರೆ ಅಕ್ಷರ ಆಗತ್ತೆ!" ಎಲ್ಲದಕ್ಕೂ ಒಂದು ಕ್ರಮ. ಡಬ್ಬಿ ಬರೆಯುವಾಗ ಕೆಳಗಿನ ಗೀಟು ಕೊನೆಗೆ. ಒಳಗೆ ಹೋಗಬೇಕಾದವರೆಲ್ಲ ಹೋಗುವ ತನಕ ಬಾಗಿಲು ಹಾಕಬಾರದಂತೆ. ಮರ್ಯಾದಸ್ಥ ಜನ.

ಒಂದು ಸಂಜೆ ನಾನೇ ಕೇಳಿದೆ. "ಅತ್ತೆ ಅನ್ನೋಕೆ ಅವರ ಹತ್ರ ಅಕ್ಷರ ಇದೆಯೇನೇ ದೊರೆಸಾನಿ?"

"ಇದೆ. ಬರೀರಿ. ಎಡಗಡೆ ಹೆಂಗಸು. ಹಾಂ, ಹಾಗೇ. ಬಲಗಡೆ..." ಅಂತ ನಕ್ಕಳು.

"ಬಲಗಡೆ ಏನು?"

"ಬಲಗಡೆ, ಹಳೇದು ಅನ್ನೋ ಅಕ್ಷರ."

"ಓಹೋ! ಸೊಸೆಗೆ?"

"ಸೊಸೆಗೂ ಎಡಗಡೆ ಹೆಂಗಸೇ. ಬಲಗಡೆ ಮನೆ."

"ಏನಂದೆ? ಹಳೇದು ನಾನು, ಮನೆ ನಿನ್ನದು! ಇದನ್ನ ಬರೆದವಳು ಯಾವಳೋ ಸೊಸೇನೇ ಇರ್ಬೇಕು. ಕರಿ ಆ ಮೇಷ್ಟ್ರನ್ನ, ನಾನು ವಿಚಾರಿಸ್ಕೋತೀನಿ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಮಗ ಹೋದ ಮೇಲೆ ಆ ಗೋಡೆಗಳು ಹಾಗೆ ನಗು ಕೇಳಿರಲಿಲ್ಲ. ನಾನೂ ನಕ್ಕೆ. ಆದರೆ ಈ ನಗುವನ್ನು ಅವಳು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಲಿಕ್ಕೆ ನನ್ನ ಬೆರಳೇ ದಾರಿ ತೋಡುತ್ತಿದೆ ಅನ್ನಿಸಿತು.

ನಮ್ಮ ಮಹಡಿ ಮನೆಯಲ್ಲಿ ಒಬ್ಬಳಿದ್ದಾಳೆ, ರೇಡಿಯೋ ಅಂತ ಕರೆಯುತ್ತೇನೆ. ಬ್ಯಾಟರಿ ಮುಗಿಯುವುದೇ ಇಲ್ಲ. ಮೆಟ್ಟಿಲಲ್ಲಿ ಅಡ್ಡ ಹಾಕಿ ಹೇಳಿದಳು, "ಅಲ್ಲಕ್ಕಾ, ಇರೋ ಅತ್ತೇನ ಬಿಟ್ಟು ಯಾವುದೋ ದೇಶದ ಮುದುಕೀರಿಗೆ ಸ್ನಾನ ಮಾಡಿಸೋಕೆ ಹೋಗ್ತಾಳಲ್ಲ ನಿಮ್ಮ ಸೊಸೆ. ನೀವು ಬೇರೆ ಕೂತು ಪಾಠ ಹೇಳ್ಕೊಡ್ತೀರಂತೆ!"

"ನಂಗೆ ಸ್ನಾನ ಮಾಡ್ಸೋಕೆ ನೀನಿದ್ದೀಯಲ್ಲಮ್ಮ, ಅದೇ ಧೈರ್ಯ" ಅಂದೆ. ರೇಡಿಯೋ ಅಲ್ಲಿಗೆ ಬಂದ್.

ಹೋಗುವಾಗ ಇನ್ನೊಂದು ಮಾತು ಎಸೆದು ಹೋದಳು. "ಅಂಗಡೀಲಿ ತುದಿಗೆ ರಬ್ಬರ್ ಇರೋ ಪೆನ್ನು ಸಿಗತ್ತೆ, ಫೋನ್ ಮೇಲೆ ಬರಿಯೋಕೆ. ನಿಮ್ಮ ಬೆರಳು ಯಾಕೆ ಸವೆಸ್ಕೋತೀರಿ?"

ಸೊಸೆಗೆ ಹೇಳಿದೆ. "ಅದು ಸರಿ ಬರಲ್ಲ ಅತ್ತೆ" ಅಂದಳು, ಹಾಳೆಯಿಂದ ಮುಖ ಎತ್ತದೆ. ನನಗೆ ಒಳಗೊಳಗೇ ಖುಷಿ. ರಬ್ಬರಿಗಿಂತ ನಾನು ವಾಸಿ ಅಂತಾಯಿತಲ್ಲ.

ಆಮೇಲೆ ಲಾಂಡ್ರಿಯಲ್ಲಿ ಅವಳನ್ನು ಪ್ರೆಸ್ಸಿನಿಂದ ತೆಗೆದು, ಒಣಗಿದ್ದನ್ನು ಮಡಚುವ ಕಡೆಗೆ ಹಾಕಿದರು. ಅಲ್ಲಿ ಹಬೆಯೂ ಇಲ್ಲ, ಬ್ಲೀಚೂ ಇಲ್ಲ. ತಿಂಗಳುಗಳು ಹೋದವು. ಪರೀಕ್ಷೆ ಹತ್ತಿರ ಬಂತು.

ಒಂದು ರಜೆಯ ದಿನ. ಅವಳು ಹಿಂದುಗಡೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಕಿಟಕಿಯಲ್ಲಿ ಕೂತು ಬೀನ್ಸ್ ಸೋಸುತ್ತಿದ್ದೆ. ಅವಳಿಗೆ ಯಾರದೋ ಫೋನ್ ಬಂತು. ತೋರುಬೆರಳಿನಿಂದ ಸರಕ್ ಅಂತ ಸರಿಸಿದಳು, ಮಾತಾಡಿದಳು, ಇಟ್ಟಳು. ಆಮೇಲೆ ಅಲ್ಲೇ, ಒದ್ದೆ ಬಟ್ಟೆ ಹೆಗಲ ಮೇಲಿರುವಾಗಲೇ, ಮೇಷ್ಟ್ರ ಚೌಕ ತೆರೆದಳು. ಟಕಟಕ, ಅಡ್ಡ, ಉದ್ದ, ಕೊಕ್ಕೆ, ಚುಕ್ಕೆ. ಒಂದು ಗೀಟೂ ತುಂಡಾಗಲಿಲ್ಲ. ನನ್ನ ಬೆರಳು ಹತ್ತು ಸಲ ಉಸಿರು ತೆಗೆದುಕೊಂಡು ಬರೆಯುವುದನ್ನು ಅವಳ ಬೆರಳು ಕಣ್ಣು ಮಿಟುಕಿಸುವುದರೊಳಗೆ ಬರೆದು ಮುಗಿಸಿತು.

ಅವಳ ಬೆರಳು ಯಾವಾಗಲೋ ವಾಸಿಯಾಗಿದೆ! ಚರ್ಮ ಬಂದಿದೆ, ಗೆರೆ ಬಂದಿದೆ. ಆದರೂ ದಿನಾ ಸಂಜೆ ಬಂದು "ಬೆರಳು ಕೊಡಿ ಅತ್ತೆ" ಅನ್ನುತ್ತಾಳೆ.

ಯಾಕೆ? ಬೀನ್ಸ್ ಬಿಟ್ಟು ಯೋಚಿಸಿದೆ. ಕನಿಕರ, ಮತ್ತೇನು! ಮುದುಕಿಗೆ ಹೊತ್ತು ಹೋಗಲಿ, ತನ್ನಿಂದಲೂ ಏನೋ ಆಗುತ್ತಿದೆ ಅಂತ ಜಂಭಪಡಲಿ ಅಂತ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ಕೊಟ್ಟಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ನೀನು ನನ್ನ ಮೇಲೆ ಬೇಕಾದರೆ ಕೊಡಲಿ ಬೀಸು, ಕನಿಕರ ಮಾತ್ರ ಬೀಸಬೇಡ. ನಾನು ಹಾಗೆ.

ಅಂದು ಸಂಜೆ ಅವಳು ಬರುವ ಹೊತ್ತಿಗೆ ನನ್ನ ತೋರುಬೆರಳಿಗೆ ಹಳೇ ಬಟ್ಟೆ ಸುತ್ತಿತ್ತು. ರೇಡಿಯೋ ಹತ್ತಿರ ಕಟ್ಟಿಸಿಕೊಂಡು ಬಂದಿದ್ದೆ. ಎಷ್ಟು ದಪ್ಪ ಅಂದರೆ, ಬೆರಳಿನ ತುದಿಯಲ್ಲಿ ದಿಂಬು ಇಟ್ಟ ಹಾಗೆ.

"ಏನಾಯ್ತು ಅತ್ತೆ?"

"ಚಾಕು ತಗುಲ್ತು."

"ನೋಡೋಣ ಕೊಡಿ."

"ನೋಡೋಕೆ ನೀನೇನು ಡಾಕ್ಟರಾ? ಬಿಡು."

ಅವಳು ಹಾಳೆಗಳನ್ನು ಚೀಲಕ್ಕೆ ಹಾಕಿಟ್ಟಳು. ಈಗ ನಾಟಕ ಬಯಲಾಗುತ್ತದೆ, ತನ್ನ ಬೆರಳಲ್ಲೇ ಬರೆಯುತ್ತಾಳೆ, ಆಗ "ಸಿಕ್ಕಿಬಿದ್ಯಾ ಕಳ್ಳಿ" ಅಂತ ಹಿಡಿಯೋಣ ಅಂತ ಓರೆಗಣ್ಣಲ್ಲಿ ಕಾದೆ. ಅವಳು ಫೋನ್ ಮುಟ್ಟಲಿಲ್ಲ. ಊಟ ಮಾಡಿದಳು, ಪಾತ್ರೆ ತೊಳೆದಳು, ಮಲಗಿದಳು.

ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಚೀಲ ಮೊಳೆಯಲ್ಲಿ ನೇತಾಡುತ್ತಿತ್ತು. ಅವಳು ನನ್ನನ್ನು ಬೈಯಲಿಲ್ಲ, ಕೇಳಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭಾನುವಾರ ಕ್ಲಾಸಿಗೂ ಹೋಗಲಿಲ್ಲ. ಪರೀಕ್ಷೆಗೆ ಇನ್ನೊಂದು ವಾರವೂ ಇರಲಿಲ್ಲ.

ಸಂಜೆ ನಾನೇ ಕೆಣಕಿದೆ. "ಏನಮ್ಮ, ಜಪಾನು ಮುಳುಗಿಹೋಯ್ತಾ?"

"ನಾಳೆ ಹೋಗಿ ಹೆಸರು ತೆಗೆಸಿ ಬರ್ತೀನಿ ಅತ್ತೆ."

"ಯಾಕೆ?"

"ಅವತ್ತು ನಿಮ್ಮನ್ನ ಒಂದು ಮಾತು ಕೇಳಿದ್ದೆ. ನೀವು ಹೇಳ್ಲಿಲ್ಲ. ಆದ್ರೆ ದಿನಾ ಬೆರಳು ಕೊಡ್ತಿದ್ರಲ್ಲ, ಅದನ್ನೇ ಉತ್ತರ ಅಂದ್ಕೊಂಡಿದ್ದೆ." ಅವಳು ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. "ಈಗ ಕೊಡ್ತಿಲ್ಲ. ಇದೂ ಉತ್ತರವೇ ಅಲ್ವಾ? ಪರವಾಗಿಲ್ಲ ಅತ್ತೆ. ನಂಗೇನೂ ಬೇಜಾರಿಲ್ಲ."

ಮಗಳೇ, ಕನಿಕರ ಅಲ್ಲ ಅದು. ಅವಳು ದಿನಾ ಸಂಜೆ ಬಂದು ನನ್ನ ಅಪ್ಪಣೆ ಕೇಳುತ್ತಿದ್ದಳು. "ಇವತ್ತೂ ಹೂಂ ಅಂತೀರಾ ಅತ್ತೆ?" ಅಂತ. ಬೆರಳು ಚಾಚಿದಾಗೆಲ್ಲ ನಾನು ಹೂಂ ಅಂದಿದ್ದೆ, ನನಗೇ ಗೊತ್ತಿಲ್ಲದೆ.

ಈಗ ಗೊತ್ತಾಯಿತು. ಇನ್ನೊಂದೂ ಗೊತ್ತಾಯಿತು. ನಾನು ಏನೂ ಮಾಡಬೇಕಾಗಿಲ್ಲ. ಬೇಡ ಅನ್ನಬೇಕಾಗಿಲ್ಲ, ಅಳಬೇಕಾಗಿಲ್ಲ, ಕಾಲು ಹಿಡಿಯಬೇಕಾಗಿಲ್ಲ. ಈ ಬಟ್ಟೆ ಬೆರಳ ಮೇಲೆ ನಾಳೆಯ ತನಕ ಇದ್ದರೆ ಸಾಕು. ಸೊಸೆ ನನ್ನವಳು. ಸಾಯುವಾಗ ಬಾಯಿಗೆ ನೀರು ಬಿಡಲು ಒಬ್ಬಳು ಇರುತ್ತಾಳೆ. ಯಾರೂ ನನ್ನತ್ತ ಬೆರಳು ತೋರಿಸುವ ಹಾಗೂ ಇಲ್ಲ.

ಅವಳು ದೀಪ ಹಾಕಲು ಎದ್ದಳು. ಅವಳ ಬೆನ್ನು ನೋಡುತ್ತ ಕೂತಿದ್ದಾಗ ನನ್ನ ಅತ್ತೆ ನೆನಪಾದಳು. ನಾನು ಗಂಡನನ್ನು ಕಳೆದುಕೊಂಡಾಗ ಮಗ ಇನ್ನೂ ತೊಡೆ ಮೇಲಿದ್ದ. ನನ್ನ ಅಕ್ಕ ಇನ್ನೊಂದು ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು, ಬಾ ಬಾ ಅಂತ ಕರೆಯುತ್ತಿದ್ದಳು. ನಾನು ಪೆಟ್ಟಿಗೆ ಕೆಳಗಿಳಿಸಿದ ದಿನವೇ ಅತ್ತೆಗೆ ಎದೆನೋವು. ಎಂಥ ನೋವು ಅಂತೀಯಾ! ಮೂರು ಬೀದಿಗೆ ಕೇಳುವ ನರಳಾಟ. ಪೆಟ್ಟಿಗೆ ಅಟ್ಟಕ್ಕೆ ಹೋದರೆ ನೋವೂ ಹೋಗುತ್ತಿತ್ತು. ಕೊನೆಗೆ ಅಕ್ಕ ಕರೆಯುವುದನ್ನೇ ಬಿಟ್ಟಳು. ಅತ್ತೆ ಕಲ್ಲುಗುಂಡಿನ ಹಾಗೆ ಎಷ್ಟೋ ವರ್ಷ ಬದುಕಿದಳು. ನಾನು ಅವಳಿಗೆ ಒಂದು ಹೊತ್ತೂ ಕಡಿಮೆ ಮಾಡದೆ ನೋಡಿಕೊಂಡೆ. ಆದರೆ ಅವಳ ಮುಖ ನೋಡಿ ಒಂದು ದಿನವಾದರೂ ಮನಸಾರೆ ನಕ್ಕಿದ್ದು ನನಗೆ ನೆನಪಿಲ್ಲ.

ಅವಳಿಗೆ ಎದೆನೋವು. ನನಗೆ ಬೆರಳುನೋವು.

ಗಂಟಿಗೆ ಕೈ ಹಾಕಿದೆ. ಆ ರೇಡಿಯೋ ಕಟ್ಟಿದ ಗಂಟು, ಹಡಗು ನಿಲ್ಲಿಸಬಹುದು ಅದರಲ್ಲಿ. ಎಡಗೈಗೆ ಬಗ್ಗಲಿಲ್ಲ. ಹಲ್ಲಿನಲ್ಲಿ ಎಳೆಯೋಣ ಅಂದರೆ ಹಲ್ಲೆಲ್ಲಿದೆ? ಸ್ವಲ್ಪ ಹೊತ್ತು ಒಬ್ಬಳೇ ಒದ್ದಾಡಿದೆ. ಬೇರೆ ದಾರಿ ಇರಲಿಲ್ಲ.

"ಬಾರೇ ಇಲ್ಲಿ. ಇದನ್ನ ಬಿಚ್ಚು."

ಅವಳು ಬಂದು ಎದುರಿಗೆ ಕೂತು, ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಉಗುರಿನಲ್ಲಿ ಗಂಟು ಸಡಿಲಿಸಿದಳು. ಒಂದೊಂದೇ ಸುತ್ತು ಬಿಚ್ಚಿದಳು, ನೋವಾದೀತು ಅಂತ ಮೆಲ್ಲಗೆ, ಉಸಿರು ಹಿಡಿದು. ಬಟ್ಟೆ ಪೂರ್ತಿ ಬಿಚ್ಚಿತು. ಬೆರಳು ಹಾಗೇ ಇತ್ತು, ಆಗ ತಾನೇ ಹುಟ್ಟಿದ ಹಾಗೆ.

ತಿರುಗಿಸಿ ನೋಡಿದಳು. ಮತ್ತೆ ತಿರುಗಿಸಿ ನೋಡಿದಳು.

"ಗಾಯಾನೇ ಇಲ್ವಲ್ಲ ಅತ್ತೆ."

"ನಿನ್ನ ಬೆರಳಿಗೂ ಇಲ್ವಲ್ಲೇ" ಅಂದೆ.

ಅವಳ ಕೈ ನಿಂತುಹೋಯಿತು. ತಲೆ ಎತ್ತಲಿಲ್ಲ. ಒಂದು ಹನಿ ಬಿತ್ತು, ನನ್ನ ಅಂಗೈ ಮೇಲೆ, ಬಿಸಿಯಾಗಿ. ನಾನು ಬೇಕಂತಲೇ ಬೇರೆ ಕಡೆ ನೋಡಿದೆ. ಇಂಥ ಹೊತ್ತಲ್ಲಿ ಮುಖ ನೋಡಿದರೆ ಇಬ್ಬರೂ ಕೆಡುತ್ತೇವೆ.

"ಆ ಚೀಲ ತಗೊಂಡು ಬಾ" ಅಂದೆ. "ಮೇಷ್ಟ್ರಿಗೆ ಇಷ್ಟು ದಿನ ರಜಾ ಕೊಟ್ಟಿದ್ದು ಸಾಕು."

"ಅತ್ತೆ, ನೀವು ಬಾಯಿ ಬಿಟ್ಟು..."

"ಬಾಯಲ್ಲಿ ಬರೋದೆಲ್ಲ ಅರ್ಧ ಸುಳ್ಳು ಅಂತ ನಿಂಗೆ ಗೊತ್ತಿಲ್ವಾ? ಬೆರಳು ಕೊಟ್ಟಿದ್ದೀನಿ. ತಗೋ."

ಆ ಸಂಜೆ ಅವಳು ಬಾಯಲ್ಲಿ ದಾರಿ ಹೇಳುವುದು ಬಿಟ್ಟಳು. ನನ್ನ ಬೆರಳನ್ನು ತನ್ನ ಬೆರಳಿನಲ್ಲಿ ಹಿಡಿದುಕೊಂಡೇ ಬರೆದಳು. ಅಡ್ಡ, ಉದ್ದ, ಓರೆ. ಯಾವ ಅಕ್ಷರ, ಏನರ್ಥ, ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳ ಬೆರಳ ತುದಿಯ ಗೆರೆಗಳು ಮಾತ್ರ ನನ್ನ ಬೆರಳಿಗೆ ತಾಕುತ್ತಿದ್ದವು, ಹೊಸ ಬಟ್ಟೆಯ ನೇಯ್ಗೆಯ ಹಾಗೆ.

ಪರೀಕ್ಷೆಗೆ ಹೋದಳು. ಬಾಗಿಲ ತನಕ ನಾನೂ ಹೋಗಿದ್ದೆ, ಕಾವಲಿನವನು ಒಳಗೆ ಬಿಡಲಿಲ್ಲ. ಅರ್ಧ ಪರೀಕ್ಷೆ ನನ್ನದೇ ಅಂತ ಎಷ್ಟು ಹೇಳಿದರೂ ಅವನಿಗೆ ತಿಳಿಯಲಿಲ್ಲ. ಅದಾದ ಮೇಲೆ ಫಲಿತಾಂಶವೂ ಬಂತು.

ಏನು, ಪಾಸಾದಳಾ, ಹೋದಳಾ ಅಂತ ಕೇಳುತ್ತೀಯಾ? ಎಲ್ಲವನ್ನೂ ನಾನೇ ಹೇಳಿದರೆ ನಿನ್ನ ತಲೆ ಇರುವುದು ಯಾತಕ್ಕೆ, ಕ್ಲಿಪ್ಪು ಹಾಕಲಿಕ್ಕಾ? ಅಲ್ಲಿ ಗೋಡೆ ಮೇಲೆ ನೋಡು. ಎರಡು ಗಡಿಯಾರ ಇವೆ. ಒಂದು ನಮ್ಮದು, ಸರಿಯಾಗಿದೆ. ಇನ್ನೊಂದು ಮೂರೂವರೆ ಗಂಟೆ ಮುಂದೆ ಓಡುತ್ತಿದೆ. ರೇಡಿಯೋ ಬಂದಾಗಲೆಲ್ಲ "ಕೆಟ್ಟಿದೆ, ರಿಪೇರಿ ಮಾಡಿಸಿ ಅಕ್ಕ" ಅನ್ನುತ್ತಾಳೆ. ಕೆಟ್ಟಿಲ್ಲ ಮಗಳೇ, ನಾನೇ ಹಾಗೆ ಇಟ್ಟುಕೊಂಡಿದ್ದೇನೆ, ಬೆಳಗ್ಗೆ ಎದ್ದ ಕೂಡಲೇ ಮೊದಲು ಅದನ್ನೇ ನೋಡುತ್ತೇನೆ. ಯಾಕಿರಬಹುದು? ಊಹಿಸು ನೋಡೋಣ.